ನದಿ ಇಲ್ಲದ ಸೀಮೆಯಲ್ಲಿ ಈಜು ಕಲಿತದ್ದು ಹೇಗೆ?

ಕೋಲಾರದವನಿಗೆ ಈಜು ಬರುತ್ತದೆ ಅಂದರೆ ಮಲೆನಾಡಿನ ಗೆಳೆಯರು ನಗುತ್ತಾರೆ. "ನಿಮ್ಮ ಕಡೆ ಕುಡಿಯೋಕೇ ನೀರಿಲ್ಲ, ಈಜೋಕೆ ಎಲ್ಲಿಂದ ತಂದ್ರಿ?" ಅಂತ ಒಬ್ಬ ಕೇಳಿದ್ದ. ಕೇಳಿದ್ದು ತಪ್ಪೇನಲ್ಲ. ನಂದಿ ಬೆಟ್ಟದ ಸಾಲಿನಲ್ಲಿ, ಅದರ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಹುಟ್ಟುತ್ತವೆ, ಅಷ್ಟೇ. ದೊಡ್ಡವಾಗುವ ಹೊತ್ತಿಗೆ ಆಂಧ್ರವನ್ನೋ ತಮಿಳುನಾಡನ್ನೋ ಸೇರಿರುತ್ತವೆ. ತವರಿನಲ್ಲಿ ಅವು ಮಳೆ ಬಂದ ನಾಲ್ಕು ದಿನ ಹರಿಯುವ ಹಳ್ಳಗಳು. ತುಮಕೂರಿನ ದೇವರಾಯನದುರ್ಗದ ಕಡೆ ಹುಟ್ಟುವ ಶಿಂಷಾ, ಜಯಮಂಗಲಿಗಳ ಕಥೆಯೂ ಹೆಚ್ಚು ಕಡಿಮೆ ಇದೇ.

ಆದರೂ ನಮ್ಮೂರಲ್ಲಿ ಅಪ್ಪ, ಚಿಕ್ಕಪ್ಪ, ಮಾವಂದಿರ ತಲೆಮಾರಿನಲ್ಲಿ ಈಜು ಬಾರದ ಗಂಡಸರು ಕಡಿಮೆ. ನನ್ನ ತಲೆಮಾರಿನಲ್ಲಿ ಅರ್ಧಕ್ಕರ್ಧ. ನಮ್ಮ ಮಕ್ಕಳಲ್ಲಿ ಬೆರಳೆಣಿಕೆ. ನೀರು ಕಡಿಮೆಯಾಯಿತು, ಅದಕ್ಕೇ ಹೀಗೆ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಈಗ ಕೆರೆಗಳಲ್ಲಿ ನೀರಿದೆ, ಹೊಲಹೊಲದಲ್ಲೂ ಹೊಂಡ ಇದೆ. ನೀರು ಬಂದಿದೆ, ಈಜು ವಾಪಸ್ ಬಂದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಬಾವಿಗೆ ಇಳಿಯಬೇಕು.

ನಮ್ಮ ಈಜಿನ ಶಾಲೆ ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದ ಕಾಲದ ಬಾವಿ. ಆಮೇಲೆ ಅದಕ್ಕೇ ಕರೆಂಟು ಮೋಟಾರು ಕೂರಿಸಿದರು. ಅಗಲವಾದ ಬಾಯಿ, ಸುತ್ತ ಕಲ್ಲು ಕಟ್ಟಡ, ಗೋಡೆಯಿಂದ ಒಂದೊಂದೇ ಚಾಚಿಕೊಂಡ ಕಲ್ಲಿನ ಮೆಟ್ಟಿಲು. ಮೇ ತಿಂಗಳಲ್ಲಿ ಅದರ ನೀರು ತಣ್ಣಗೆ, ಡಿಸೆಂಬರಿನಲ್ಲಿ ಬೆಚ್ಚಗೆ. ಇದು ಬಾವಿಯ ಮಾಯೆಯೇನಲ್ಲ. ನೆಲದೊಳಗೆ ಸ್ವಲ್ಪ ಕೆಳಗೆ ಹೋದರೆ ವರ್ಷವಿಡೀ ಉಷ್ಣಾಂಶ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಬದಲಾಗುವುದು ಹೊರಗಿನ ಗಾಳಿ. ನಾವು ಹೋಲಿಸುವುದು ಅದರ ಜೊತೆ.

ಕಲಿಸುವ ಕ್ರಮವೂ ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ. ಹುಡುಗನ ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆ ಬುರುಡೆ. ಬುರುಡೆ ಸಿಗದಿದ್ದರೆ ಒಣಗಿದ ಕತ್ತಾಳೆ ದಿಂಡು. ಆಮೇಲಿನ ಕಾಲಕ್ಕೆ ಲಾರಿ ಟ್ಯೂಬು, ಐದು ಲೀಟರಿನ ಎಣ್ಣೆ ಕ್ಯಾನು. ಹಗ್ಗದ ತುದಿ ಮಾವನ ಕೈಯಲ್ಲಿ. ಉಪದೇಶ ಒಂದೇ: "ಬಾಯಿ ಮುಚ್ಕೊಂಡು ಕಾಲು ಬಡಿ." ಆಮೇಲೆ ದಬ್ಬುವುದು. ನನ್ನನ್ನು ದಬ್ಬಿದಾಗ ನನಗೆ ಎಂಟು ವರ್ಷ. ಆ ಮಾವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಮೂರನೇ ದಿನ ನಾನೇ ಹೋಗಿ ಹಗ್ಗ ಕೊಟ್ಟೆ.

ಆ ಒರಟು ಉಪದೇಶದಲ್ಲಿ ಎಷ್ಟು ವಿಜ್ಞಾನ ಇದೆ ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಒಂದು ವಸ್ತು ತೇಲುತ್ತದೋ ಮುಳುಗುತ್ತದೋ ಅನ್ನುವುದು ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದರ ಮೇಲೆ ನಿಂತಿದೆ. ಸರಿಸಿದ ನೀರಿನ ತೂಕಕ್ಕಿಂತ ತನ್ನ ತೂಕ ಕಡಿಮೆಯಿದ್ದರೆ ತೇಲುತ್ತದೆ. ಮನುಷ್ಯನ ಮೈ ಇದರಲ್ಲಿ ಗಡಿಯ ಮೇಲೆ ಕೂತಿದೆ. ಶ್ವಾಸಕೋಶದ ತುಂಬ ಗಾಳಿಯಿದ್ದರೆ ನಾವು ನೀರಿಗಿಂತ ಒಂದು ಕೂದಲು ಹಗುರ. ಉಸಿರು ಪೂರ್ತಿ ಬಿಟ್ಟರೆ ಒಂದು ಕೂದಲು ಭಾರ. ಅಂದರೆ ತೇಲುವುದಕ್ಕೂ ಮುಳುಗುವುದಕ್ಕೂ ನಡುವೆ ಇರುವುದು ಒಂದು ಎದೆಯಷ್ಟು ಗಾಳಿ. ಕಿರುಚಿದರೆ ಆ ಗಾಳಿ ಹೋಯಿತು. "ಬಾಯಿ ಮುಚ್ಕೋ" ಅನ್ನುವುದಕ್ಕೆ ಕಾರಣ ಬರೀ ನೀರು ಒಳಗೆ ಹೋಗುತ್ತದೆ ಅನ್ನುವುದಲ್ಲ.

ಇನ್ನೊಂದು ವಿಷಯ. ಗಾಬರಿಯಾದವರು ಮಾಡುವ ಮೊದಲ ಕೆಲಸ ಕೈ ಮೇಲೆತ್ತುವುದು. ನೀರಿನೊಳಗಿರುವ ಕೈಯನ್ನು ನೀರೇ ಹೊತ್ತಿರುತ್ತದೆ. ಹೊರಗೆತ್ತಿದ ಕೈಯನ್ನು ಉಳಿದ ಮೈ ಹೊರಬೇಕು. ಆ ಭಾರಕ್ಕೆ ತಲೆ ಒಳಗೆ ಹೋಗುತ್ತದೆ.

ಬುರುಡೆ ಮಾಡುವ ಕೆಲಸ ಇಷ್ಟೇ ಸರಳ. ನಾಲ್ಕು ಲೀಟರ್ ನೀರು ಹಿಡಿಯುವಷ್ಟು ದೊಡ್ಡ ಸೋರೆ ಬುರುಡೆಯನ್ನು ನೀರೊಳಗೆ ಅದುಮಿದರೆ ಅದು ಸರಿಸುವುದು 4 ಕೆ.ಜಿ. ನೀರನ್ನು. ಅದರ ಸ್ವಂತ ತೂಕ ಕೆಲವು ನೂರು ಗ್ರಾಂ. ಹಾಗಾಗಿ ಮೂರೂವರೆ ಕೆ.ಜಿ.ಯಷ್ಟು ಭಾರವನ್ನು ಅದು ಮೇಲಕ್ಕೆ ಎತ್ತಿ ಹಿಡಿಯಬಲ್ಲದು. ದೊಡ್ಡವರ ತಲೆ ಸುಮಾರು 5 ಕೆ.ಜಿ. ತೂಗುತ್ತದೆ, ಮಕ್ಕಳದು ಅದಕ್ಕಿಂತ ಕಡಿಮೆ. ಎಂಟು ವರ್ಷದ ಹುಡುಗನಿಗೆ ತಲೆ ನೀರಿನ ಮೇಲಿರಲು ಇದು ಸಾಕು. ಆದರೆ ಆರಾಮಾಗಿ ಮಲಗಲು ಸಾಲದು. ಕಾಲು ಬಡಿಯಲೇಬೇಕು. ಈಗಿನ ಗಾಳಿ ತುಂಬಿದ ಜಾಕೆಟ್ಟುಗಳಲ್ಲಿ ಮಗು ಕಾಲು ಆಡಿಸದೆಯೂ ತೇಲುತ್ತದೆ, ಹಾಗಾಗಿ ಕಲಿಯುವುದು ನಿಧಾನ. ಇದು ನನ್ನ ಅಭಿಪ್ರಾಯ, ಕೋಚ್‌ಗಳು ಒಪ್ಪದಿರಬಹುದು.

ಹೀಗೆ ಕಲಿತ ಈಜಿಗೆ ನಾಯಿ ಈಜು ಅಂತ ಹೆಸರು. ತಲೆ ಯಾವಾಗಲೂ ಹೊರಗೆ, ಕೈ ಕಾಲು ನೀರೊಳಗೆ. ಆಮೇಲೆ ಕಪ್ಪೆಯ ಹಾಗೆ ಕಾಲು ಮಡಿಸಿ ಒದೆಯುವುದು, ಅಂಗಾತ ತೇಲುವುದು, ಮುಳುಗಿ ತಳದ ಮಣ್ಣು ತರುವುದು. ಕೊನೆಗೆ ಕಟ್ಟೆ ಮೇಲಿಂದ ಡೈ ಹೊಡೆಯುವುದು. ಹೊಟ್ಟೆ ಅಡಿಯಾಗಿ ಬಿದ್ದರೆ ಚಟಾರ್ ಅಂತ ಸದ್ದು, ಸಂಜೆವರೆಗೂ ಉರಿ. ಬಾವಿಯ ಸುತ್ತ ಕೂತ ದೊಡ್ಡವರೇ ಜಡ್ಜುಗಳು. ಬಹುಮಾನ ಅಂದರೆ ಹೊಲದ ಕಡಲೆಕಾಯಿ. ಅಂದಹಾಗೆ ನಮ್ಮ ಕಡೆ ಮನೆಮನೆಯಲ್ಲಿ ತೆಲುಗು, ಗಡಿಯಾಚೆ ತಮಿಳು. ಈಜು, ಈತ, ನೀಚ್ಚಲ್ ಅಂತ ಮೂರು ಹೆಸರು ಹಿಡಿದುಕೊಂಡು ಒಂದೇ ಬಾವಿಗೆ ಬೀಳುತ್ತಿದ್ದೆವು.

ಎಷ್ಟೋ ವರ್ಷ ಬಿಟ್ಟು ಬೆಂಗಳೂರಿನ ಒಂದು ಈಜುಕೊಳಕ್ಕೆ ಹೋದೆ. ತಲೆ ಎತ್ತಿಕೊಂಡು ಈಜುವುದನ್ನು ನೋಡಿ ಅಲ್ಲಿನ ಕೋಚ್ ನಕ್ಕುಬಿಟ್ಟ. ಅವನು ಹೇಳಿದ್ದು ಸರಿಯೇ. ತಲೆ ಮೇಲೆತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಮೈ ಓರೆಯಾಗಿ ನೀರಿಗೆ ಅಡ್ಡ ನಿಲ್ಲುತ್ತದೆ. ಮುಂದೆ ಹೋಗಲು ಶಕ್ತಿ ಜಾಸ್ತಿ ಬೇಕು. 50 ಮೀಟರ್ ಉದ್ದದ ಒಲಿಂಪಿಕ್ ಕೊಳದಲ್ಲಿ ಇದು ದಡ್ಡತನ. ಇಪ್ಪತ್ತು ಅಡಿ ಅಗಲದ ಬಾವಿಯಲ್ಲಿ, ಮೇಲಿಂದ ಯಾವ ಹುಡುಗ ಯಾವಾಗ ತಲೆ ಮೇಲೆ ಬೀಳುತ್ತಾನೋ ಗೊತ್ತಿಲ್ಲದ ಜಾಗದಲ್ಲಿ, ತಲೆ ಹೊರಗಿಡುವುದೇ ಜಾಣತನ.

ತಲೆ ಹೊರಗಿಟ್ಟವರು ನಾವು ಮಾತ್ರ ಅಲ್ಲ ಅನ್ನುವುದು ಆಮೇಲೆ ತಿಳಿದು ಸಮಾಧಾನವಾಯಿತು. 1844ರಲ್ಲಿ ಅಮೆರಿಕದ ಮೂಲನಿವಾಸಿ ಸಮುದಾಯದ ಇಬ್ಬರು ಲಂಡನ್ನಿನಲ್ಲಿ ಕೈ ಬೀಸಿ ವೇಗವಾಗಿ ಈಜಿ ತೋರಿಸಿದರು. ಇಂಗ್ಲಿಷರಿಗೆ ಅದು ಹಿಡಿಸಲಿಲ್ಲ. ನೀರು ಚಿಮ್ಮಿಸುವ ಒರಟು ಈಜು ಅಂದುಕೊಂಡು, ತಲೆ ಹೊರಗಿಟ್ಟು ಈಜುವ ತಮ್ಮ ಕಪ್ಪೆ ಈಜನ್ನೇ ಮುಂದುವರಿಸಿದರು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದೂ ಕಪ್ಪೆ ಈಜಿನಲ್ಲೇ, 22 ಗಂಟೆಗೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ. 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಈಜುಕೊಳವೇ ಇರಲಿಲ್ಲ. ಅಥೆನ್ಸ್ ಬಳಿಯ ಕೊರೆಯುವ ಸಮುದ್ರದಲ್ಲೇ ಸ್ಪರ್ಧೆ. ಗೆದ್ದ ಹಂಗೇರಿಯ ಆಲ್ಫ್ರೆಡ್ ಹಾಯೋಶ್ ಚಳಿ ತಡೆಯಲು ಮೈಗೆ ಕೊಬ್ಬು ಬಳಿದುಕೊಂಡು ಇಳಿದಿದ್ದ. ಕಟ್ಟಿದ ಕೊಳದಲ್ಲಿ ಒಲಿಂಪಿಕ್ ಈಜು ನಡೆದದ್ದು 1908ರಲ್ಲಿ, ಲಂಡನ್ನಿನಲ್ಲಿ. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1912ರಲ್ಲಿ. ನಮ್ಮವರ ಪೈಕಿ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ಆ ಕಡಲ್ಗಾಲುವೆ ದಾಟಿದರು. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದರು. ಅಂದರೆ ನೀರಾಟ ಅನ್ನುವುದು ಗಡಿಯಾರ, ಲೇನು, ಪದಕಗಳ ಆಟವಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲ.

ಅದಕ್ಕೂ ಮುಂಚೆ ಈಜು ಮತ್ತು ಸ್ನಾನ ಬೇರೆ ಬೇರೆ ಆಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಎಣ್ಣೆ ಸ್ನಾನದ ಬಗ್ಗೆಯೂ ಇದೆ, ನೀರಾಟದ ಬಗ್ಗೆಯೂ ಇದೆ. ನಮ್ಮ ಹಳೆಯ ಕವಿಗಳಿಗಂತೂ ಮಹಾಕಾವ್ಯ ಅಂದರೆ ಹದಿನೆಂಟು ವರ್ಣನೆ ಇರಲೇಬೇಕು, ಅದರಲ್ಲಿ ಜಲಕ್ರೀಡೆ ಒಂದು. ಅರಮನೆಯವರು ಕೊಳದಲ್ಲಿ ಆಡುವುದನ್ನು ಪುಟಗಟ್ಟಲೆ ಬರೆದರು. ಬಾವಿಗೆ ಬಿದ್ದ ನಮ್ಮಂಥವರನ್ನು ಯಾರೂ ಬರೆದ ಹಾಗೆ ಕಾಣೆ.

ನಮ್ಮ ಸೀಮೆಯಲ್ಲಿ ಕಟ್ಟಿದ ನೀರಿನ ಚಂದ ನೋಡಬೇಕಾದರೆ ಚಿಕ್ಕಬಳ್ಳಾಪುರದ ನಂದಿ ಗ್ರಾಮಕ್ಕೆ ಹೋಗಿ. 9ನೇ ಶತಮಾನದಷ್ಟು ಹಿಂದಿನ ಭೋಗನಂದೀಶ್ವರ ದೇವಸ್ಥಾನದಲ್ಲಿ ಶೃಂಗಿ ತೀರ್ಥ ಎಂಬ ಕಲ್ಯಾಣಿ ಇದೆ. ನಂದಿ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಬರಿಸಿದ ಅಂತ ಸ್ಥಳದ ಕಥೆ. ಕಥೆ ಇರಲಿ, ಮೆಟ್ಟಿಲು ನೋಡಿ. ನಾಲ್ಕೂ ಕಡೆಯಿಂದ ಇಳಿದು ಇಳಿದು ನೀರಿಗೆ ಹೋಗುವ ಮೆಟ್ಟಿಲು. ವರ್ಷಕ್ಕೆ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆ, ಅದೂ ಕೆಲವೇ ತಿಂಗಳಲ್ಲಿ ಬೀಳುವ ಸೀಮೆಯಲ್ಲಿ ನೀರಿನ ಮಟ್ಟ ನಿಂತಲ್ಲಿ ನಿಲ್ಲುವುದಿಲ್ಲ. ಕಾರ್ತಿಕದಲ್ಲಿ ಮೇಲಿನ ಮೆಟ್ಟಿಲು ಮುಟ್ಟಿದ್ದು ಚೈತ್ರಕ್ಕೆ ತಳ ಸೇರುತ್ತದೆ. ಯಾವ ಮಟ್ಟದಲ್ಲಿದ್ದರೂ ಸೊಂಟದ ನೀರಿನಲ್ಲಿ ನಿಲ್ಲಲು ಒಂದು ಮೆಟ್ಟಿಲು ಸಿಗಬೇಕು. ಮುದುಕಿಯೂ ಇಳಿಯಬೇಕು, ಮಗುವೂ ಹತ್ತಬೇಕು. ಕಲ್ಯಾಣಿಯ ಲೆಕ್ಕಾಚಾರವೆಲ್ಲ ಇದೇ.

ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಇನ್ನೊಂದು ಬಗೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಬಂಡೆಯ ಬಿರುಕುಗಳಲ್ಲಿ ಇಂಗಿದ ಮಳೆ ನೀರು ನಿಧಾನವಾಗಿ ಜಿನುಗಿ ಹೊರಬರುವ ಊಟೆ ಅದು. ಊರಿನ ಕೊಳವೆ ಬಾವಿಗಳು ಕೈ ಕೊಟ್ಟಾಗಲೂ ಜನ ಕ್ಯಾನು ಹಿಡಿದು ಅಲ್ಲಿಗೆ ಹತ್ತುತ್ತಾರೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಕಥೆ ಸುಳ್ಳಾಗುತ್ತದೆ. ಬಾವಿ ಈಜಿನ ಶಾಲೆ ಅಂದೆ. ಆ ಶಾಲೆಗೆ ಎಲ್ಲರಿಗೂ ಪ್ರವೇಶ ಇರಲಿಲ್ಲ. ಬಾವಿ ಯಾರ ಹೊಲದ್ದು, ಹುಡುಗ ಯಾವ ಕೇರಿಯವನು ಅನ್ನುವುದರ ಮೇಲೆ ಅವನು ಈಜು ಕಲಿಯುತ್ತಾನೋ ಇಲ್ಲವೋ ತೀರ್ಮಾನವಾಗುತ್ತಿತ್ತು. ದೇವಸ್ಥಾನದ ಕಲ್ಯಾಣಿಯ ಮಾತು ಬಿಡಿ. ಮಹಾರಾಷ್ಟ್ರದ ಮಹಾಡಿನಲ್ಲಿ 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಹೋಗಿ ಬೊಗಸೆ ನೀರು ಕುಡಿದದ್ದು ಯಾಕೆ ಅಷ್ಟು ದೊಡ್ಡ ವಿಷಯವಾಯಿತು ಅಂತ ನನಗೆ ಪುಸ್ತಕ ಓದಿ ಅರ್ಥವಾಗಲಿಲ್ಲ. ನಮ್ಮದೇ ಕ್ಲಾಸಿನ ಹುಡುಗ, ನನಗಿಂತ ಚೆನ್ನಾಗಿ ಮರ ಹತ್ತುತ್ತಿದ್ದವನು, ಬಾವಿ ಕಟ್ಟೆಯಿಂದ ಹತ್ತು ಮಾರು ದೂರ ನಿಂತು ನಮ್ಮ ಬಟ್ಟೆ ಕಾಯುತ್ತಿದ್ದ. ಆಗ ಯಾಕೆ ಅಂತ ಕೇಳಲಿಲ್ಲ. ಹೆಣ್ಣುಮಕ್ಕಳ ಕಥೆಯೂ ಹತ್ತಿರ ಹತ್ತಿರ ಇದೇ. ಚಿಕ್ಕವರಿದ್ದಾಗ ಈಜುತ್ತಿದ್ದರು, ದೊಡ್ಡವಳಾದಳು ಅಂದ ಕೂಡಲೇ ನಿಲ್ಲುತ್ತಿತ್ತು. ನಮ್ಮ ದೊಡ್ಡಮ್ಮನಿಗೆ ಈಜು ಬರುತ್ತಿತ್ತು ಅನ್ನುವುದು ನಮಗೆ ತಿಳಿದದ್ದು ಅವರಿಗೆ ಎಪ್ಪತ್ತು ದಾಟಿದ ಮೇಲೆ.

ಹೆಂಗಸರ ನೀರಿನ ಲೋಕ ಬಚ್ಚಲುಮನೆಯಲ್ಲಿತ್ತು. ಅದರ ಸಂಭ್ರಮ ನೋಡಬೇಕಾದರೆ ದೀಪಾವಳಿಯ ನೀರು ತುಂಬುವ ಹಬ್ಬ ನೋಡಬೇಕು. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ. ಬೆಳಗಿನ ಜಾವ ಒಬ್ಬೊಬ್ಬರನ್ನೇ ಕೂರಿಸಿ ತಲೆಗೆ ಎಣ್ಣೆ. ನಮ್ಮಲ್ಲಿ ಹರಳೆಣ್ಣೆ, ಜಿಡ್ಡು ಅಂದರೆ ಜಿಡ್ಡು. ಅದನ್ನು ತೆಗೆಯಲು ಸೀಗೆಪುಡಿ ಅಥವಾ ಚಿಗರೆ ಪುಡಿ. ಸೀಗೆಯಲ್ಲಿ, ಅಂಟುವಾಳದಲ್ಲಿ ಸಪೋನಿನ್ ಎಂಬ ವಸ್ತು ಇದೆ. ಅದರ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ನೀರು ಸುರಿದಾಗ ಎಣ್ಣೆಯೂ ಜೊತೆಗೆ ಹೊರಡುತ್ತದೆ. ಸೋಪು ಮಾಡುವುದೂ ಇದನ್ನೇ. ಸೀಗೆ ಅಷ್ಟು ಖಾರ ಅಲ್ಲ, ಕೂದಲಿನಲ್ಲಿ ಸ್ವಲ್ಪ ಜಿಡ್ಡು ಉಳಿಸುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಖಾರವೇ, ಅಲ್ವಾ?

ಅಷ್ಟಾಂಗ ಹೃದಯ ಬರೆದ ವಾಗ್ಭಟ ಒಂದು ಎಚ್ಚರಿಕೆ ಕೊಟ್ಟಿದ್ದಾನೆ. ಬಿಸಿನೀರು ಮೈಗೆ ಒಳ್ಳೆಯದು, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಕೆಟ್ಟದು ಅಂತ. ನಮ್ಮಜ್ಜಿ ವಾಗ್ಭಟನ ಮಾತು ಕೇಳಿದವರಲ್ಲ. ಹೊಗೆಯಾಡುವ ನೀರನ್ನು ನೆತ್ತಿಗೇ ಸುರಿಯುತ್ತಿದ್ದರು. ಈ ತಲೆ ತಿಕ್ಕುವ ವಿದ್ಯೆ ಇಂಗ್ಲೆಂಡಿಗೂ ಹೋಗಿದೆ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ 19ನೇ ಶತಮಾನದ ಮೊದಲಲ್ಲಿ ಬ್ರೈಟನ್ ಊರಿನಲ್ಲಿ ಹಬೆ ಸ್ನಾನ ಮತ್ತು ಚಂಪಿಯ ಮನೆ ತೆರೆದು ಅಲ್ಲಿನ ದೊರೆಗಳಿಗೂ ಮೈ ತಿಕ್ಕಿದ. ಶಾಂಪೂ ಎಂಬ ಮಾತು ಅದೇ ಚಂಪಿಯಿಂದ ಬಂದದ್ದು. ಈಗ ಅದು ಒಂದು ರೂಪಾಯಿ ಸ್ಯಾಚೆಯಾಗಿ ನಮ್ಮ ಬಚ್ಚಲಿಗೇ ವಾಪಸ್ ಬಂದಿದೆ.

ಈಗ ಬಾವಿಗೆ ಏನಾಯಿತು ಅನ್ನುವ ಪ್ರಶ್ನೆ. 1980ರ ದಶಕದ ಹೊತ್ತಿಗೆ ಕೊಳವೆ ಬಾವಿ ಜಾಸ್ತಿಯಾದವು. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಆಮೇಲೆ ಸಾವಿರ, ಸಾವಿರದ ಐನೂರು. ಆಳದ ನೀರು ಎಳೆದಂತೆಲ್ಲ ಮೇಲಿನ ಪದರದ ನೀರು ಕೆಳಗಿಳಿಯಿತು. ತೆರೆದ ಬಾವಿಗಳು ಬತ್ತಿದವು. ಕಸ ತುಂಬಿದವು. ನಾನು ಕಲಿತ ಬಾವಿಯೊಳಗೆ ಈಗ ಒಂದು ಹೊಂಗೆ ಮರ ಬೆಳೆದು, ಅದರ ತುದಿ ಕಟ್ಟೆಯ ಮಟ್ಟಕ್ಕೆ ಬಂದಿದೆ. ಆ ಮೂವತ್ತು ವರ್ಷದಲ್ಲಿ ಹುಟ್ಟಿದವರಿಗೆ ನೀರು ಅಂದರೆ ಟ್ಯಾಂಕರ್, ನಲ್ಲಿ, ಬಿಂದಿಗೆ. ಹಗ್ಗ ಹಿಡಿಯುವ ಮಾವಂದಿರಿಗೂ ಕೆಲಸವಿಲ್ಲದಾಯಿತು.

ಆಮೇಲೆ ನೀರು ಎರಡು ದಾರಿಯಲ್ಲಿ ವಾಪಸ್ ಬಂತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಶುದ್ಧೀಕರಿಸಿ ಕೆರೆಯಿಂದ ಕೆರೆಗೆ ಹರಿಸುವ ಯೋಜನೆ ಇದು. ಉದ್ದೇಶ ಅಂತರ್ಜಲ ತುಂಬುವುದು. ಅದು ಮೀಯುವ ನೀರಲ್ಲ, ಕುಡಿಯುವ ನೀರಂತೂ ಅಲ್ಲವೇ ಅಲ್ಲ. ಆದರೆ ತುಂಬಿದ ಕೆರೆ ಕಂಡ ಹುಡುಗರಿಗೆ ಅದನ್ನು ಯಾರು ಹೇಳಬೇಕು? 2021ರ ನವೆಂಬರಿನ ಮಳೆಗೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳೂ ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದರು, ಇಳಿದರು.

ಈ ಕೆರೆ ಹಳೆಯ ಕೆರೆಯಲ್ಲ. ಒಣಗಿದ್ದ ಕಾಲದಲ್ಲಿ ಇಟ್ಟಿಗೆಗೆ, ರಸ್ತೆಗೆ ಅಂತ ಮಣ್ಣು ತೆಗೆದ ಗುಂಡಿಗಳು ಒಳಗಿವೆ. ಮೊಣಕಾಲು ನೀರಿನಲ್ಲಿ ನಡೆಯುವವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಬೀಳುತ್ತಾನೆ. ತಳದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಇದೆ. ಹೂಳಿನಲ್ಲಿ ಕಾಲು ಹೂತರೆ ಎಳೆದಷ್ಟೂ ಬರುವುದಿಲ್ಲ, ಕೆಳಗೆ ನೀರು ನುಗ್ಗಲು ಜಾಗವಿಲ್ಲದೆ ಕೆಸರು ಹೀರಿಕೊಂಡ ಹಾಗೆ ಹಿಡಿಯುತ್ತದೆ. ಏರಿಯ ಕಡೆ ತೂಬು ತೆರೆದಿದ್ದರೆ ಇನ್ನೂ ಕಷ್ಟ. ಮೇಲೆ ನೀರು ನಿಂತ ಹಾಗೇ ಕಾಣುತ್ತದೆ, ಕೆಳಗೆ ಇಡೀ ಕೆರೆಯ ಒತ್ತಡ ಆ ಸಣ್ಣ ಬಾಯಿಗೆ ಎಳೆಯುತ್ತಿರುತ್ತದೆ.

ಎರಡನೆಯದು ಕೃಷಿ ಹೊಂಡ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಇವು ನಮ್ಮ ಟೊಮೆಟೊ ತೋಟಗಳ ಪಕ್ಕದಲ್ಲೆಲ್ಲ ಬಂದವು. ರೈತನಿಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಅಳತೆ ಸಾಮಾನ್ಯವಾಗಿ 12 ಮೀಟರ್ ಉದ್ದ, 12 ಅಗಲ, 3 ಆಳ, ಅಥವಾ ಇನ್ನೂ ದೊಡ್ಡದು. ನೀರು ಇಂಗದಂತೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ.

ಆ ಅಳತೆ ಓದಿದಾಗ ನನಗೆ ಮೊಹೆಂಜೊದಾರೊ ನೆನಪಾಯಿತು. ಅಲ್ಲಿನ ದೊಡ್ಡ ಸ್ನಾನದ ಕೊಳವೂ ಸುಮಾರು 12 ಮೀಟರ್ ಉದ್ದ. ಅಗಲ 7, ಆಳ 2.4 ಮೀಟರ್. ನೀರು ಇಂಗದಂತೆ ಅವರು ಇಟ್ಟಿಗೆಗೆ ನೈಸರ್ಗಿಕ ಡಾಂಬರು ಬಳಿದಿದ್ದರು. ನಾವು ಪ್ಲಾಸ್ಟಿಕ್ ಹಾಸಿದ್ದೇವೆ. ಕೆಲಸ ಒಂದೇ. ಆದರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಆ ಕೊಳಕ್ಕೆ ಎರಡು ತುದಿಯಲ್ಲೂ ಮೆಟ್ಟಿಲು ಇದೆ. ನಮ್ಮ ಹೊಂಡಕ್ಕೆ ಒಂದು ಕಡೆಯೂ ಇಲ್ಲ.

ಹೊಂಡ ಇರುವುದು ನೀರಾವರಿಗೆ, ಸ್ನಾನಕ್ಕಲ್ಲ ಅನ್ನಬಹುದು. ಬಾವಿಯೂ ನೀರಾವರಿಗೇ ಇತ್ತು. ಅದಕ್ಕೆ ಮೆಟ್ಟಿಲು ಇತ್ತು. ಕೆಲವು ತಿಂಗಳಲ್ಲಿ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟುತ್ತದೆ. ಇಳಿಜಾರಿನ ಆ ಗೋಡೆ ಸೋಪು ಹಚ್ಚಿದ ಬಂಡೆಯಾಗುತ್ತದೆ. ಈಜು ಬಂದವನೂ ದಡಕ್ಕೆ ಬಂದು, ಕೈಗೆ ಏನೂ ಸಿಗದೆ, ಜಾರಿ ಜಾರಿ ಸುಸ್ತಾಗುತ್ತಾನೆ. ಕೂಗಿದ್ದು ಕೇಳಿ ಇನ್ನೊಬ್ಬರು ಇಳಿಯುತ್ತಾರೆ. ಪೇಪರಿನಲ್ಲಿ ಒಂದೇ ಮನೆಯ ಇಬ್ಬರು, ಮೂವರು ಅಂತ ಓದುವುದು ಅದಕ್ಕೇ. ಎಷ್ಟೋ ಸಲ ಕೂಗುವುದೂ ಇಲ್ಲ. ಮುಳುಗುವವರಿಗೆ ಉಸಿರು ಎಳೆಯುವುದಕ್ಕೇ ಬಾಯಿ ಸಾಲದು. ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2021ರಿಂದ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನ ಅಂತ ಗುರುತಿಸಿದೆ.

ನಮ್ಮ ಚಿಕ್ಕಪ್ಪನ ಹೊಂಡಕ್ಕೆ ಬೇಲಿ ಇದೆ. ಬೇಲಿ ಸಾಲದು ಅಂತ ಹೋದ ಯುಗಾದಿಗೆ ನಾವು ಎರಡು ಕೆಲಸ ಮಾಡಿದೆವು. ಹಳೆಯ ಬೈಕ್ ಟೈರುಗಳನ್ನು ಹಗ್ಗದಲ್ಲಿ ಒಂದರ ಕೆಳಗೊಂದು ಕಟ್ಟಿ, ಮೇಲಿನ ಗೂಟದಿಂದ ತಳದವರೆಗೆ ಎರಡು ಕಡೆ ಇಳಿಬಿಟ್ಟೆವು. ಅದೇ ಮೆಟ್ಟಿಲು. ಮೂಲೆಯ ಕಂಬಕ್ಕೆ ಉದ್ದದ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು. ಯಾರಾದರೂ ಬಿದ್ದರೆ ಹಾರಬಾರದು, ಕ್ಯಾನು ಎಸೆಯಬೇಕು ಅಂತ ಮನೆಯ ಮಕ್ಕಳಿಗೆಲ್ಲ ಹೇಳಿದ್ದೇವೆ. ಹಗ್ಗ ಇಲ್ಲದಿದ್ದರೆ ಪಂಚೆ, ಸೀರೆ, ಬಿದಿರು ಗಳ, ಡ್ರಿಪ್ ಪೈಪು, ಏನಾದರೂ ಸರಿ. ದಡದಲ್ಲಿ ಮಲಗಿ ಎಸೆಯಬೇಕು, ನಿಂತರೆ ಎಳೆದುಕೊಂಡು ಹೋಗುತ್ತಾರೆ.

ಚಿಕ್ಕಪ್ಪನ ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳಿಗೆ ಈಜು ಕಲಿಸಬೇಕು ಅಂತ ದೊಡ್ಡಮ್ಮ ಹಟ ಹಿಡಿದಿದ್ದಾರೆ. ಕ್ಯಾನು ಬೇಡ, ಬುರುಡೆಯೇ ಆಗಬೇಕಂತೆ. ಹಿತ್ತಲಿನ ಚಪ್ಪರದಲ್ಲಿ ಎರಡು ಸೋರೆಕಾಯನ್ನು ಕೀಳದೆ ಬಿಟ್ಟಿದ್ದೇವೆ. ಬಳ್ಳಿಯಲ್ಲೇ ಬಲಿತು, ಸಿಪ್ಪೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮೊನ್ನೆ ತಟ್ಟಿ ನೋಡಿದೆ. ಇನ್ನೂ ಹಸಿ.